ಅವ್ರಪ್ಪ ಏನಂದ?

ದೊಡ್ಡಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಹಾಗಾಗಿ ಕೊರಿಯನ್ ಸಿನಿಮಾ ಹಾಕಿದರೆ ಸಬ್‌ಟೈಟಲ್ ಓದಿ ಹೇಳುವ ಕೆಲಸ ನನ್ನದು. ಭಾನುವಾರ ರಾತ್ರಿ ಇಬ್ಬರಿಗೂ ನಿದ್ದೆ ಬರಲಿಲ್ಲ ಅಂತ 'ಎ ಟೇಲ್ ಆಫ್ ಟು ಸಿಸ್ಟರ್ಸ್' ಹಾಕಿದೆ. ಕಿಮ್ ಜಿ-ವೂನ್ 2003ರಲ್ಲಿ ಮಾಡಿದ ಸಿನಿಮಾ. ನಾನು ಹಿಂದೆಯೇ ನೋಡಿದ್ದೆ, ಎಲ್ಲೆಲ್ಲಿ ಕಣ್ಣು ಮುಚ್ಚಿಕೊಳ್ಳಬೇಕು ಅಂತ ಗೊತ್ತಿತ್ತು. ದೊಡ್ಡಮ್ಮ ಮಾತ್ರ ಹೆದರಲೇ ಇಲ್ಲ. ಒಂದೊಂದು ಸೀನ್ ಮುಗಿದಾಗಲೂ ಅವರದ್ದು ಅದೇ ಪ್ರಶ್ನೆ.

"ಅವ್ರಪ್ಪ ಏನಂದ?"

"ಏನೂ ಅನ್ನಲಿಲ್ಲ ದೊಡ್ಡಮ್ಮ."

ಕೆರೆ ಪಕ್ಕದ ಮನೆ. ಗೋಡೆ ತುಂಬಾ ಹೂವಿನ ವಾಲ್‌ಪೇಪರ್. ಆಸ್ಪತ್ರೆಯಿಂದ ಮನೆಗೆ ಬರುವ ಸು-ಮಿ, ಅವಳ ಕೈ ಬಿಡದ ತಂಗಿ ಸು-ಯೋನ್. ಬಾಗಿಲಲ್ಲೇ ಸ್ವಾಗತಿಸುವ ಮಲತಾಯಿ ಉನ್-ಜು. ಈ ಪಾತ್ರ ಮಾಡಿದ ಯಮ್ ಜಂಗ್-ಆ ನಕ್ಕರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಅಷ್ಟು ಸಿಹಿಯಾಗಿ ನಗುವವರನ್ನು ಯಾವತ್ತೂ ನಂಬಬಾರದು. ಅಪ್ಪನೂ ಇದ್ದಾನೆ. ಮಾತ್ರೆ ಕೊಡುತ್ತಾನೆ, ಫೋನ್ ಮಾಡುತ್ತಾನೆ, ನಿಟ್ಟುಸಿರು ಬಿಡುತ್ತಾನೆ.

ಮಲತಾಯಿ ಚಿಕ್ಕವಳನ್ನು ಬಟ್ಟೆ ಬೀರುವಿನೊಳಗೆ ಕೂಡಿ ಹಾಕುತ್ತಾಳೆ. ಅಕ್ಕ ಓಡಿ ಬಂದು ಬಿಡಿಸುತ್ತಾಳೆ. ಅಪ್ಪ ಬರುತ್ತಾನೆ. ಸು-ಮಿ ಅಳುತ್ತಾ ದೂರು ಹೇಳುತ್ತಾಳೆ. ದೊಡ್ಡಮ್ಮ ನನ್ನ ಮೊಣಕೈ ತಿವಿದು, "ಈಗಾದ್ರೂ ಏನಂದ್ನೇ?" ಅಂದರು.

ಆಗ ಅಂದ. ಸು-ಯೋನ್ ಸತ್ತುಹೋಗಿದ್ದಾಳೆ ಅಂತ ಅಂದ.

ಆ ಹುಡುಗಿ ಅಲ್ಲೇ ನಿಂತಿದ್ದಾಳೆ. ಚೀರುತ್ತಿದ್ದಾಳೆ. ದೊಡ್ಡಮ್ಮ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. "ಇದನ್ನ ಮೊದ್ಲೇ ಹೇಳಕ್ಕೆ ಏನಾಗಿತ್ತು ಇವ್ನಿಗೆ?"

ಸಿನಿಮಾಕ್ಕೆ ಇಪ್ಪತ್ತು ವರ್ಷ ದಾಟಿದೆ, ಗುಟ್ಟು ಒಡೆದರೆ ಯಾರೂ ಬೈಯಬಾರದು. ತಂಗಿ ಸತ್ತಾಗಿದೆ. ಇಷ್ಟು ಹೊತ್ತು ನಾವು ಆ ಮನೆಯಲ್ಲಿ ನೋಡಿದ ಮಲತಾಯಿಯೂ ಸು-ಮಿಯೇ. ನಿಜವಾದ ಉನ್-ಜು ಮನೆಗೆ ಬರುವುದೇ ಕೊನೆಯಲ್ಲಿ. ಇದು ಗೊತ್ತಿದ್ದು ಮತ್ತೆ ನೋಡಿದರೆ ರಾತ್ರಿ ಊಟದ ಸೀನ್ ಬೇರೆಯೇ ಕಾಣುತ್ತದೆ. ಮಲತಾಯಿಯ ತಮ್ಮ ಮತ್ತವನ ಹೆಂಡತಿ ಊಟಕ್ಕೆ ಬಂದಿದ್ದಾರೆ. ಮಲತಾಯಿ ಹಳೆಯ ಕಥೆಗಳನ್ನು ಹೇಳಿ ಹೇಳಿ ಒಬ್ಬಳೇ ನಗುತ್ತಾಳೆ. ತಮ್ಮ ಕೊನೆಗೆ, ನನಗೆ ಹಾಗೇನೂ ನೆನಪಿಲ್ಲ ಅನ್ನುತ್ತಾನೆ. ಮೊದಲ ಸಲ ನಾನು ಅವಳಿಗೆ ತಲೆ ಕೆಟ್ಟಿದೆ ಅಂದುಕೊಂಡಿದ್ದೆ. ಈಗ ನೋಡಿದರೆ, ಒಂದು ಸಣ್ಣ ಹುಡುಗಿ ತನ್ನ ಮಲತಾಯಿಯ ಕುರ್ಚಿಯಲ್ಲಿ ಕೂತು ಮಲತಾಯಿಯ ಹಾಗೆ ಮಾತಾಡುತ್ತಿದ್ದಾಳೆ. ಬಂದವರು ಬೆವರುತ್ತಿದ್ದಾರೆ. ಅದೇ ಟೇಬಲ್‌ನಲ್ಲಿ ಅಪ್ಪನೂ ಕೂತಿದ್ದಾನೆ. ಅವನಿಗೆ ಎಲ್ಲ ಗೊತ್ತು. ಆ ಊಟಕ್ಕೆ ಜನ ಯಾಕೆ ಬೇಕಿತ್ತು?

ಅಷ್ಟರಲ್ಲಿ ನೀರು ಕುಡಿಯಲು ಎದ್ದು ಬಂದ ನನ್ನ ಗಂಡ, "ಪಾಪ, ಅವನಾದ್ರೂ ಏನು ಮಾಡ್ತಾನೆ, ಮಾತ್ರೆ ಕೊಡ್ತಿದ್ದಾನಲ್ಲ" ಅಂದರು. ನಮ್ಮ ಮನೆಯಲ್ಲಿ ಜಗಳ ಬಂದಾಗ ಇವರು ಕೂಡ ಹೀಗೇ. ಯಾರಿಗೂ ಏನೂ ಅನ್ನುವುದಿಲ್ಲ. ನೀರು ಕುಡಿದು ಮಲಗಲು ಹೋಗುತ್ತಾರೆ.

ಈ ಸಿನಿಮಾದ ಬೇರು ಕೊರಿಯಾವನ್ನು ಹಿಂದೆ ಆಳಿದ ಜೋಸನ್ ರಾಜವಂಶದ ಕಾಲದ ಒಂದು ಜನಪದ ಕಥೆ. ಜಾಂಗ್‌ಹ್ವಾ ಮತ್ತು ಹೊಂಗ್ರ್ಯೋನ್ ಅನ್ನುವ ಅಕ್ಕತಂಗಿಯರದ್ದು. ಅದನ್ನೂ ದೊಡ್ಡಮ್ಮನಿಗೆ ಹೇಳಿದೆ. ಮಲತಾಯಿ ಒಂದು ಇಲಿಯ ಚರ್ಮ ಸುಲಿದು ಹಿರಿಯವಳ ಹಾಸಿಗೆಯಲ್ಲಿ ಇಡುತ್ತಾಳೆ. ನೋಡಿ, ನಿಮ್ಮ ಮಗಳಿಗೆ ಗರ್ಭ ಇಳಿದಿದೆ ಅಂತ ಗಂಡನಿಗೆ ತೋರಿಸುತ್ತಾಳೆ. ಅವನು ನಂಬುತ್ತಾನೆ. ಮಗಳನ್ನು ಒಂದು ಮಾತು ಕೇಳುವುದಿಲ್ಲ. ಹುಡುಗಿ ಕೆರೆ ಪಾಲಾಗುತ್ತಾಳೆ, ಅವಳ ಹಿಂದೆ ತಂಗಿಯೂ. ಇಬ್ಬರೂ ದೆವ್ವವಾಗಿ ನ್ಯಾಯ ಕೇಳಲು ಊರಿನ ಅಧಿಕಾರಿ ಹತ್ತಿರ ಬರುತ್ತಾರೆ. ಬಂದ ಬಂದ ಅಧಿಕಾರಿಗಳು ಹೆದರಿ ಸಾಯುತ್ತಾರೆ. ಕೊನೆಗೊಬ್ಬ ಧೈರ್ಯದವನು ಸಿಗುತ್ತಾನೆ, ಅಹವಾಲು ಕೇಳುತ್ತಾನೆ. ಮಲತಾಯಿಗೆ ಮರಣದಂಡನೆ, ಅವಳ ಮಗನಿಗೂ ಸಾವು.

"ಅವ್ರಪ್ಪನಿಗೆ?"

"ಅವನನ್ನ ಬಿಟ್ಟುಬಿಟ್ರು. ಮೋಸ ಹೋದ ಅಂತ. ಆಮೇಲೆ ಇನ್ನೊಂದು ಮದುವೆ ಆದ."

"ಮೂರನೇದಾ!"

ಅವಳಿ ಹೆಣ್ಣುಮಕ್ಕಳೂ ಆದರು, ಸತ್ತ ಅಕ್ಕತಂಗಿಯರೇ ಮತ್ತೆ ಹುಟ್ಟಿ ಬಂದರು ಅಂತ ಕಥೆ. ದೊಡ್ಡಮ್ಮ ಎಷ್ಟು ನಕ್ಕರು ಅಂದರೆ ಕೆಮ್ಮು ಬಂತು. ನನಗೆ ನಗು ಬರಲಿಲ್ಲ. ಅದೇ ಅಪ್ಪನ ಹೊಟ್ಟೆಯಲ್ಲಿ ಮತ್ತೆ ಹುಟ್ಟಬೇಕಾ?

ನಮ್ಮ ನೆಂಟರಲ್ಲೂ ಇಂಥವರೊಬ್ಬರು ಇದ್ದರು. ಮನೆಯೊಳಗೆ ಏನೇ ನಡೆಯಲಿ, ಜಗಲಿಯಲ್ಲಿ ಪೇಪರ್ ಓದುತ್ತಾ ಕೂತಿರುತ್ತಿದ್ದರು. ಸೊಸೆ ಅಡುಗೆಮನೆಯಲ್ಲಿ ಅಳುತ್ತಿದ್ದರೆ ಪುಟ ತಿರುಗಿಸುವ ಸದ್ದು ಕೇಳುತ್ತಿತ್ತು. ಅವರು ಹೋದಾಗ ಎಲ್ಲರೂ ಅಂದಿದ್ದು, "ದೇವರಂಥ ಮನುಷ್ಯ, ಯಾರಿಗೂ ಒಂದು ಮಾತು ಅಂದವರಲ್ಲ." ಅವರ ಹೆಂಡತಿಗೆ ಮಾತ್ರ ಇವತ್ತಿಗೂ ಗಯ್ಯಾಳಿ ಅಂತ ಹೆಸರು. ಮಾತಾಡುವುದನ್ನೆಲ್ಲ ಅವರೊಬ್ಬರಿಗೇ ಬಿಟ್ಟರೆ ಇನ್ನೇನಾಗುತ್ತದೆ? ಆಕೆ ಒಳ್ಳೆಯವರು ಅಂತ ನಾನು ಹೇಳುತ್ತಿಲ್ಲ. ನಾಲಿಗೆ ಹರಿತವೇ. ಆದರೆ ಬೈಗುಳ ಬರೀ ಒಬ್ಬರ ಪಾಲಿಗೆ ಬರುವುದು ಯಾವ ಲೆಕ್ಕ?

ಸಿನಿಮಾದ ಕೊನೆಯಲ್ಲಿ ತಂಗಿ ಸತ್ತ ಆ ಹಳೆಯ ದಿನವನ್ನು ತೋರಿಸುತ್ತಾರೆ. ಅವತ್ತು ಅವಳನ್ನು ಉಳಿಸಲು ಉನ್-ಜುಗೆ ಒಂದು ಅವಕಾಶ ಸಿಗುತ್ತದೆ. ಮೇಲೆ ಬೀರು ಬಿದ್ದು ಚಿಕ್ಕವಳು ಅಡಿಯಲ್ಲಿ ಸಿಕ್ಕಿಕೊಂಡಿದ್ದಾಳೆ. ನೋಡಿ ಹೊರಟವಳು ಮನಸ್ಸು ಬದಲಾಯಿಸಿ ತಿರುಗುತ್ತಾಳೆ. ಅಷ್ಟರಲ್ಲಿ ಸು-ಮಿ ಎದುರಾಗಿ ಸಿಡುಕುತ್ತಾಳೆ. ಈ ಗಳಿಗೆ ನೆನೆದು ನೀನು ಮುಂದೆ ಕೊರಗಬಹುದು ಅಂತ ಉನ್-ಜು ಹೇಳುತ್ತಾಳೆ. ನಿನ್ನ ಜೊತೆ ಇಲ್ಲಿ ನಿಂತಿರುವುದಕ್ಕಿಂತ ಕೆಟ್ಟದ್ದು ಏನಿದೆ ಅಂತ ಹುಡುಗಿ ಹೊರಗೆ ನಡೆದುಬಿಡುತ್ತಾಳೆ. ದೊಡ್ಡಮ್ಮ ಇಬ್ಬರನ್ನೂ ಬೈಯಲಿಲ್ಲ.

ಮಾರನೇ ದಿನ ಅವರೇ ಇನ್ನೊಂದು ಹಾಕು ಅಂದರು. "ಅಪ್ಪ ಮಾತಾಡೋ ಸಿನಿಮಾ ಹಾಕು." ಹುಡುಕಿ ಕಿಮ್ ಕಿ-ಯಂಗ್‌ರ 'ದಿ ಹೌಸ್‌ಮೇಡ್' ಹಾಕಿದೆ, 1960ರ ಕಪ್ಪುಬಿಳುಪು. ಮಹಡಿ ಮನೆಗಾಗಿ ಹೆಂಡತಿ ಹಗಲೂ ರಾತ್ರಿ ಹೊಲಿಗೆ ಹಾಕುತ್ತಾಳೆ. ಗಂಡ ಸಂಗೀತದ ಮೇಷ್ಟ್ರು. ಕೆಲಸಕ್ಕೆ ಬಂದ ಹುಡುಗಿ, ಇಲಿ ಪಾಷಾಣ, ಮನೆ ಮುರಿಯುತ್ತದೆ. ಕೊನೆಗೆ ಗಂಡ ಕ್ಯಾಮೆರಾ ಕಡೆ ತಿರುಗಿ, ಬೆರಳು ತೋರಿಸಿ ನಗುತ್ತಾ, ಇದು ನಿಮಗೂ ಆಗಬಹುದು ಅಂತ ನೋಡುವ ಗಂಡಸರಿಗೆ ಬುದ್ಧಿ ಹೇಳುತ್ತಾನೆ.

ನಾನು ಅಷ್ಟನ್ನೂ ಕನ್ನಡದಲ್ಲಿ ಹೇಳಿದೆ. ದೊಡ್ಡಮ್ಮ ರಿಮೋಟ್ ಕೆಳಗಿಟ್ಟರು.

"ಇವನಿಗಿಂತ ಅವನು ಸುಮ್ನಿದ್ದಿದ್ದೇ ವಾಸಿ ಕಣೇ."