ಕಡ್ಡಿ ಬೀಳುವವರೆಗೂ ಕಾದೆವು

ಲಾಸ್ ಏಂಜಲೀಸಿನ ಗ್ರಿಫಿತ್ ಅಬ್ಸರ್ವೇಟರಿಗೆ ಹೋಗೋಣ ಅಂದಿದ್ದು ನಾನೇ. ನಾಲ್ಕು ವರ್ಷದ ಮಗಳಿಗೆ ಆಕಾಶ ತೋರಿಸೋಣ ಅನ್ನೋದು ನೆಪ, ಆಸೆಯೆಲ್ಲ ನನ್ನದು. ಗುಡ್ಡದ ಮೇಲೆ ಪಾರ್ಕಿಂಗ್ ಸಿಗೋದು ಕಷ್ಟ, ಸಿಕ್ಕರೂ ದುಡ್ಡು ಜಾಸ್ತಿ, ಅದಕ್ಕೇ ವರ್ಮಾಂಟ್-ಸನ್‌ಸೆಟ್ ಮೆಟ್ರೋ ಸ್ಟೇಷನ್ ಹತ್ತಿರ ಡ್ಯಾಶ್ ಅನ್ನೋ ಸಿಟಿ ಬಸ್ ಹತ್ತಿದೆವು. ಬಿಳಿ ಕಟ್ಟಡ, ಅದರ ಮೂರು ತಾಮ್ರದ ಗುಮ್ಮಟ ಕಂಡ ಕೂಡಲೇ ಮಗಳು ಕೇಳಿದ್ದು, "ಅಪ್ಪಾ, ಒಳಗೆ ಲಿಫ್ಟ್ ಇದೆಯಾ?"

ಒಳಗೆ ಹೋಗಲು ಟಿಕೆಟ್ ಇಲ್ಲ. 1935ರಲ್ಲಿ ಶುರುವಾದ ಜಾಗ ಇದು. 2002ರಲ್ಲಿ ರಿಪೇರಿಗೆಂದು ಬಾಗಿಲು ಮುಚ್ಚಿ, 2006ರ ನವೆಂಬರಿನಲ್ಲಿ ಮತ್ತೆ ತೆರೆದರು. ಹಳೆಯ ಕಟ್ಟಡದ ಅಂದ ಕೆಡಬಾರದು ಅಂತ ಮುಂದಿನ ಹುಲ್ಲುಹಾಸಿನ ಕೆಳಗೇ ಅಗೆದು ಹೊಸ ಜಾಗ ಮಾಡಿಕೊಂಡಿದ್ದಾರೆ. ರಿಪೇರಿ ಅಂದರೆ ಮೊದಲು ಮನೆ ಮುಂದಕ್ಕೆ ಗ್ರಾನೈಟ್ ಅಂಟಿಸುವ ನಮ್ಮವರಿಗೆ ಇದನ್ನೊಮ್ಮೆ ತೋರಿಸಬೇಕು.

ಬಾಗಿಲು ದಾಟಿದರೆ ಎದುರಿಗೇ ಫೂಕೋ ಲೋಲಕ. 40 ಅಡಿ ತಂತಿಗೆ ನೇತುಬಿದ್ದ 240 ಪೌಂಡಿನ ಹಿತ್ತಾಳೆ ಗುಂಡು ನಿಧಾನಕ್ಕೆ ತೂಗುತ್ತಿತ್ತು, ಸುತ್ತ ಸಣ್ಣ ಸಣ್ಣ ಕಡ್ಡಿಗಳನ್ನು ನಿಲ್ಲಿಸಿದ್ದರು. ಭೂಮಿ ತಿರುಗುವುದರಿಂದ ಗುಂಡು ತೂಗುವ ದಿಕ್ಕು ಮೆಲ್ಲಗೆ ತಿರುಗಿದಂತೆ ಕಾಣುತ್ತದೆ, ಹಾಗಾಗಿ ಅದು ಒಂದೊಂದೇ ಕಡ್ಡಿಯ ಹತ್ತಿರ ಬಂದು ಕೊನೆಗೆ ಅದನ್ನು ಬೀಳಿಸುತ್ತದೆ. ಮಗಳು ಗೋಡೆಯಂಚಿಗೆ ಗದ್ದ ಊರಿ ನಿಂತಳು. ಗುಂಡು ಬರುತ್ತದೆ, ಕೂದಲೆಳೆಯಷ್ಟರಲ್ಲಿ ತಪ್ಪುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ನನಗೆ ಕಾಲು ನೋವು ಬಂತು, ಅವಳು ಕದಲಲಿಲ್ಲ. ಟಕ್ ಅಂತ ಕಡ್ಡಿ ಬಿದ್ದಾಗ ಗುರುತು ಪರಿಚಯ ಇಲ್ಲದ ಹತ್ತಾರು ಜನ ಒಟ್ಟಿಗೇ ಚಪ್ಪಾಳೆ ತಟ್ಟಿದರು. ಇವಳು ಮಾತ್ರ "ಯಾರು ಎತ್ತಿ ನಿಲ್ಲಿಸ್ತಾರೆ?" ಅಂತ ಶುರು ಮಾಡಿದಳು.

ಪ್ಲಾನಿಟೇರಿಯಂ ನೋಡಲಾಗಲಿಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ದಿನದ ಮೊದಲ ಶೋಗೆ ಮಾತ್ರ ಪ್ರವೇಶ, ನಾವು ಹೋಗಿದ್ದು ಮಧ್ಯಾಹ್ನ. ಮೊದಲೇ ನೋಡಿಕೊಳ್ಳದ್ದು ನನ್ನ ತಪ್ಪು, ಹೆಂಡತಿ ಅದನ್ನು ಎರಡು ಸಲ ಹೇಳಿದಳು.

ನೆಲದಡಿಯ ಹಾಲಿನಲ್ಲಿ 152 ಅಡಿ ಉದ್ದದ ಗೋಡೆ ತುಂಬ ಗ್ಯಾಲಕ್ಸಿಗಳು. ಎದುರಿಗೆ ಬೆಂಚಿನ ಮೇಲೆ ಕಂಚಿನ ಐನ್‌ಸ್ಟೈನ್, ಮುಖದ ಮುಂದೆ ಬೆರಳು ಹಿಡಿದು ಕೂತಿದ್ದಾನೆ. ಕಣ್ಣಿನಿಂದ ಒಂದಡಿ ದೂರಕ್ಕೆ ಬೆರಳು ಹಿಡಿದರೆ ಎಷ್ಟು ಆಕಾಶ ಮುಚ್ಚುತ್ತದೋ, ಆ ಗೋಡೆಯ ತುಂಬ ಇರುವುದು ಅಷ್ಟೇ ಆಕಾಶ! ನಾನು ಬೆರಳು ಹಿಡಿದು ಬೆಪ್ಪಾಗಿ ನಿಂತಿದ್ದೆ, ಮಗಳು ಆತನ ತೊಡೆ ಏರಲು ನೋಡುತ್ತಿದ್ದಳು.

ಕತ್ತಲಾದ ಮೇಲೆ ಮಾಳಿಗೆಯ 12 ಇಂಚಿನ ಝೈಸ್ ದೂರದರ್ಶಕಕ್ಕೆ ಕ್ಯೂ. 70 ಲಕ್ಷಕ್ಕೂ ಜಾಸ್ತಿ ಜನ ಇದರಲ್ಲಿ ಇಣುಕಿದ್ದಾರಂತೆ, ಅಷ್ಟೂ ಜನ ನಮ್ಮ ಮುಂದೆಯೇ ನಿಂತಿದ್ದಾರೇನೋ ಅನ್ನಿಸಿತು. ಆವತ್ತು ತೋರಿಸಿದ್ದು ಚಂದ್ರ. ಮಗಳನ್ನು ಎತ್ತಿ ಹಿಡಿದೆ. "ಕಪ್ಪಗಿದೆ" ಅಂದಳು. ನೋಡಿದರೆ ಎರಡೂ ಕಣ್ಣು ಮುಚ್ಚಿಕೊಂಡಿದ್ದಾಳೆ! ಒಂದು ಕಣ್ಣಿಗೆ ನಾನೇ ಕೈ ಅಡ್ಡ ಹಿಡಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದು, "ಗುಂಡಿ ಗುಂಡಿ" ಅಂದಳು.

ಇಳಿಯುವ ಬಸ್ಸಿನಲ್ಲಿ ಹೆಗಲ ಮೇಲೆ ಮಲಗಿದವಳು ತಲೆ ಎತ್ತಿ ಕೇಳಿದಳು, "ಈಗ ಇನ್ನೊಂದು ಕಡ್ಡಿ ಬಿದ್ದಿರತ್ತಾ?"