ಘಟ್ಟ ಇಳಿದ ಮರುದಿನ

2022ರ ಅಕ್ಟೋಬರ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಕಾಫಿ ಎಸ್ಟೇಟಿನ ರೈಟರ್, ಅಂದರೆ ಗುಮಾಸ್ತನಾದ ನಾನು, ನಮ್ಮ ಆಫೀಸಿನ ಏಳು ಮೆಟ್ಟಿಲುಗಳನ್ನು ಹಿಮ್ಮುಖವಾಗಿ ಇಳಿದೆ. ಮಸ್ಟರ್, ಅಂದರೆ ಹಾಜರಿ ಹಾಕುವ ಹೊತ್ತಾದ್ದರಿಂದ ಕೆಲಸದವರೆಲ್ಲ ಕೆಳಗೆ ಅಂಗಳದಲ್ಲಿ ಸೇರಿದ್ದರು. ಕಂಕುಳಲ್ಲಿ ಹಾಜರಿ ಪುಸ್ತಕ, ಎಡಗೈಯಲ್ಲಿ ಕಂಬಿ, ಗೋಡೆಯ ಕಡೆಗೆ ಮುಖ. ಒಂದೊಂದು ಮೆಟ್ಟಿಲಿಗೂ ಮೊದಲು ಬಲಗಾಲನ್ನು ಕೆಳಗಿಟ್ಟು, ಅದು ನಿಂತಿತೆಂದು ಖಾತ್ರಿಯಾದ ಮೇಲೆ ಎಡಗಾಲನ್ನು ಅದರ ಪಕ್ಕಕ್ಕೆ ತರುತ್ತಿದ್ದೆ. ಮೂವತ್ತು ವರ್ಷಗಳಿಂದ ಈ ತೋಟದಲ್ಲಿ ಕಾಫಿ ಕುಯ್ಯುತ್ತಿರುವ ಹಿರಿಯ ಹೆಂಗಸೊಬ್ಬರು ಸ್ವಲ್ಪ ಹೊತ್ತು ನೋಡಿ, "ಏನು ರೈಟ್ರೇ, ಆನೆ ಏನಾದರೂ ಅಟ್ಟಿಸಿಕೊಂಡು ಬಂತಾ?" ಎಂದು ಕೇಳಿದರು. ಆನೆ ಅಟ್ಟಿಸಿಕೊಂಡು ಬಂದಿದ್ದರೆ ಹೇಳಿಕೊಳ್ಳಲು ಮರ್ಯಾದೆಯಾದರೂ ಇರುತ್ತಿತ್ತು. ಹಿಂದಿನ ದಿನ ನಾನಾಗಿಯೇ, ಯಾರ ಒತ್ತಾಯವೂ ಇಲ್ಲದೆ, ಮಡಿಕೇರಿಯಿಂದ ಘಟ್ಟದ ಬುಡದ ಸಂಪಾಜೆಗೆ ಓಡಿ ಇಳಿದಿದ್ದೆ.

ಕೊಡಗಿನಲ್ಲಿ ದೂರದ ಓಟ ಅಭ್ಯಾಸ ಮಾಡುತ್ತೇನೆ ಎಂದಾಗ ಹೊರಗಿನವರು ಹೇಳುವ ಮೊದಲ ಮಾತು, "ಅಯ್ಯೋ, ಅಷ್ಟೊಂದು ಏರು!" ಎಂಬುದು. ಏರು ಕಷ್ಟವೆಂಬುದು ಸುಳ್ಳಲ್ಲ, ಆದರೆ ಅದು ಮುಚ್ಚುಮರೆಯಿಲ್ಲದ ಕಷ್ಟ. ಉಸಿರು ಕಟ್ಟುತ್ತದೆ, ನಡೆಯುತ್ತೇವೆ, ಉಸಿರು ಮರಳಿದ ಮೇಲೆ ಮತ್ತೆ ಓಡುತ್ತೇವೆ, ಅಲ್ಲಿಗೆ ಲೆಕ್ಕ ಚುಕ್ತಾ. ಇಳಿಜಾರು ಹಾಗಲ್ಲ. ಅದು ಆ ದಿನ ಏನನ್ನೂ ಕೇಳದೆ ಧಾರಾಳವಾಗಿ ಸಾಲ ಕೊಟ್ಟು, ಮರುದಿನ ಬೆಳಿಗ್ಗೆ ಬಡ್ಡಿ ಸಮೇತ ವಸೂಲಿಗೆ ಬರುತ್ತದೆ. ಇದನ್ನು ತಿಳಿಯಲು ನನಗೆ ಮೂರು ವರ್ಷ ಹಿಡಿಯಿತು.

ಓಟ ನನಗೆ ಅಂಟಿಕೊಂಡದ್ದು ಪಕ್ಕದ ಮನೆಯ ಹುಡುಗನಿಂದ. 2019ರಲ್ಲಿ ಅವನು ಸೇನಾ ಭರ್ತಿ ರ‍್ಯಾಲಿಗೆ ತಯಾರಿ ನಡೆಸುತ್ತಿದ್ದ. ಅಲ್ಲಿ ಪೂರ್ತಿ ಅಂಕ ಬೇಕಾದರೆ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಓಡಿ ಮುಗಿಸಬೇಕು. ಸಮಯ ನೋಡಲು ಒಬ್ಬರು ಬೇಕೆಂದು ನನ್ನನ್ನು ಬೆಳಿಗ್ಗೆ ಐದೂವರೆಗೆ ಎಬ್ಬಿಸಿ, ಸುಂಟಿಕೊಪ್ಪದ ಸಮೀಪವೇ ಇರುವ ನಮ್ಮ ತೋಟದ ಗೇಟಿನ ಬಳಿ ನಿಲ್ಲಿಸುತ್ತಿದ್ದ. ಚಳಿಗೆ ನಿಂತಲ್ಲಿ ನಿಲ್ಲಲಾಗದೆ ನಾನೂ ನಾಲ್ಕು ಹೆಜ್ಜೆ ಓಡತೊಡಗಿದೆ. ಆಗ ನನಗೆ ನಲವತ್ತೊಂದು ವರ್ಷ. ಹುಡುಗ ಆಯ್ಕೆಯಾಗಿ ಊರು ಬಿಟ್ಟ ಮೇಲೂ ಐದೂವರೆಗೆ ಎಚ್ಚರವಾಗುವ ಅಭ್ಯಾಸ ಮಾತ್ರ ನನ್ನಲ್ಲಿ ಉಳಿಯಿತು.

ಅವನಿಂದ ಕಲಿತ ಓಟವನ್ನು ಮರೆಯುವುದೇ ನನ್ನ ಮೊದಲ ಪಾಠವಾಯಿತು. ಐದೂವರೆ ನಿಮಿಷದಲ್ಲಿ ಮುಗಿಯಬೇಕಾದ ಓಟಕ್ಕೂ ಮೂರು ಗಂಟೆ ಮುಂದುವರಿಯಬೇಕಾದ ಓಟಕ್ಕೂ ಹೆಸರು ಒಂದೇ ಹೊರತು ಕೆಲಸ ಬೇರೆ. ಎರಡು ಕಿಲೋಮೀಟರಿಗೇ ಏದುಸಿರು ಬಿಟ್ಟು ರಸ್ತೆ ಬದಿಯ ಸಿಲ್ವರ್ ಓಕ್ ಮರಕ್ಕೆ ಒರಗುತ್ತಿದ್ದ ನಾನು, ಪಕ್ಕದಲ್ಲಿ ಓಡುವವರ ಜೊತೆ ಪೂರ್ತಿ ವಾಕ್ಯಗಳಲ್ಲಿ ಮಾತನಾಡಲು ಆಗುವಷ್ಟು ನಿಧಾನವಾಗಿ ಓಡಬೇಕೆಂಬುದನ್ನು ತಿಳಿದ ತಿಂಗಳಲ್ಲೇ ಹತ್ತು ಕಿಲೋಮೀಟರ್ ಮುಟ್ಟಿದೆ. ನನ್ನ ಪಕ್ಕದಲ್ಲಿ ಓಡುವವರು ಯಾರೂ ಇರಲಿಲ್ಲವಾದ್ದರಿಂದ ಆ ದಿನ ಮಾಡಬೇಕಾದ ಕೆಲಸಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತ ಓಡುತ್ತಿದ್ದೆ: ಕಪಾತಿಗೆ (ಕಾಫಿ ಗಿಡದ ರೆಂಬೆ ಸವರಲು) ಎಂಟು ಆಳು, ಮರಗಸಿಗೆ (ನೆರಳು ಮರದ ಕೊಂಬೆ ಕಡಿಯಲು) ನಾಲ್ಕು, ಮೆಣಸಿನ ಬಳ್ಳಿ ಕಟ್ಟಲು ಇಬ್ಬರು. ಉಸಿರಿಗೆ ಸಿಕ್ಕಿ ಮಾತು ತುಂಡಾದರೆ ವೇಗ ಹೆಚ್ಚಾಯಿತೆಂದು ಅರ್ಥ. ಕೈಗಡಿಯಾರಕ್ಕಿಂತ ಈ ಲೆಕ್ಕ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ.

ಈ ಜಿಲ್ಲೆಗೆ ಓಟ ಹೊಸದಲ್ಲ. ಅಶ್ವಿನಿ ನಾಚಪ್ಪ ಅವರು ಟ್ರ್ಯಾಕ್‌ನಲ್ಲಿ ಓಡಿ 1988ರಲ್ಲಿ ಅರ್ಜುನ ಪ್ರಶಸ್ತಿ ಪಡೆದದ್ದು ನಮ್ಮ ವಯಸ್ಸಿನವರಿಗೆಲ್ಲ ಗೊತ್ತು. 1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಹಬ್ಬದಲ್ಲಿ ಅಜ್ಜ ಮೊಮ್ಮಗ ಒಂದೇ ತಂಡದಲ್ಲಿ ಓಡುವುದನ್ನು ಕಂಡು ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಮುಂದೆ ಚೆಂಡಿಲ್ಲದೆ, ಹಿಂದೆ ಆನೆಯಿಲ್ಲದೆ, ನಡುವಯಸ್ಸಿನ ಒಬ್ಬ ತೋಟದ ರೈಟರ್ ಬೆಳಗಿನ ಮಂಜಿನಲ್ಲಿ ಚಡ್ಡಿ ಹಾಕಿಕೊಂಡು ಓಡಿದರೆ ಜೀಪು ನಿಲ್ಲಿಸಿ, "ಹತ್ತಿ, ಬಿಡ್ತೇನೆ" ಎನ್ನುತ್ತಾರೆ. ಬೇಡವೆಂದರೆ ಬೇಸರಪಟ್ಟುಕೊಳ್ಳುತ್ತಾರೆ. ಒಮ್ಮೆ ಪರಿಚಯದವರೊಬ್ಬರು ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ ಎಂದು ಗಾಬರಿಯಿಂದ ವಿಚಾರಿಸಿದರು.

ಆನೆಯ ಮಾತು ತಮಾಷೆಯದಲ್ಲ. ಹಲಸು ಹಣ್ಣಾಗುವ ಕಾಲದಲ್ಲಿ ಅವು ತೋಟದೊಳಗೇ ಉಳಿದುಬಿಡುತ್ತವೆ, ಕಾಫಿ ಹಣ್ಣನ್ನೂ ತಿನ್ನಲು ಕಲಿತಿವೆ, ಲದ್ದಿಯಲ್ಲಿ ಕಾಫಿ ಬೀಜ ಕಾಣುವುದು ಈಗ ಸಾಮಾನ್ಯ. ಆದ್ದರಿಂದ ಹೊರಡುವ ಮುನ್ನ ಊರಿನ ವಾಟ್ಸ್‌ಆ್ಯಪ್ ಗುಂಪು ನೋಡುವುದು, ಪೂರ್ತಿ ಬೆಳಕು ಹರಿಯದೆ ತೋಟದ ಒಳದಾರಿ ಹಿಡಿಯದಿರುವುದು, ಕಿವಿಗೆ ಹಾಡು ಸಿಕ್ಕಿಸಿಕೊಳ್ಳದಿರುವುದು ನನ್ನ ಕಟ್ಟುನಿಟ್ಟು. ಮುರಿದು ಬಿದ್ದ ಬೈನೆ ಮರ, ಹಸಿ ಲದ್ದಿಯ ವಾಸನೆ, ಈ ಎರಡರಲ್ಲಿ ಒಂದು ಸಿಕ್ಕಿದರೂ ಆ ದಿನದ ಓಟ ಅಲ್ಲಿಗೇ ಮುಗಿಯಿತು. ಮಳೆಗಾಲದ ಇಂಬಳದ (ಜಿಗಣೆಯ) ಕಾಟಕ್ಕೆ ಕಾಲ್ಚೀಲದ ಬಾಯಿಗೆ ಹೊಗೆಸೊಪ್ಪಿನ ಪುಡಿ ಉಜ್ಜುತ್ತೇನೆ. ಅದು ಅರ್ಧ ಗಂಟೆಯ ಮಳೆಗೆ ತೊಳೆದುಹೋಗುತ್ತದೆ, ಉಳಿದದ್ದನ್ನು ಮನೆಗೆ ಬಂದು ಕೀಳುವುದೇ.

ಸಂಪಾಜೆಯ ಓಟಕ್ಕೆ ಕಾರಣ ಅಕ್ಕನ ಮನೆಯ ಪೂಜೆ. ಅವಳನ್ನು ಕೊಟ್ಟಿರುವುದು ಅಲ್ಲಿಗೆ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದ್ದು, ಅಲ್ಲಿಂದ ಸಂಪಾಜೆಗೆ ಇಪ್ಪತ್ತೈದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚಿನ ದೂರದಲ್ಲಿ ರಸ್ತೆ 800 ಮೀಟರಿಗೂ ಹೆಚ್ಚು ಇಳಿಯುತ್ತದೆ. ಅಷ್ಟು ದೂರವನ್ನು ನಾನು ಆಗಲೇ ಹಲವು ಸಲ ಓಡಿದ್ದೆ, ಇದಂತೂ ಇಳಿಜಾರು, ಕೂತು ಜಾರಿದರೂ ತಲುಪುತ್ತೇನೆ ಎಂದುಕೊಂಡೆ. ಬಟ್ಟೆಯ ಚೀಲವನ್ನು ಹೆಂಡತಿಯ ಜೊತೆ ಬಸ್ಸಿನಲ್ಲಿ ಕಳುಹಿಸಿ, ಎರಡು ಬಾಳೆಹಣ್ಣು, ಒಂದು ತುಂಡು ಬೆಲ್ಲ, ಅರ್ಧ ಲೀಟರ್ ನೀರಿನೊಂದಿಗೆ ಆರು ಗಂಟೆಗೆ ಮಡಿಕೇರಿ ಬಿಟ್ಟೆ.

ಆ ಬೆಳಗನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ ಎಂಬುದನ್ನು ಒಪ್ಪಿಕೊಳ್ಳಬೇಕು. ತಾಳತ್ತಮನೆ ದಾಟುವವರೆಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಎದುರಿನಿಂದ ಬರುವ ಲಾರಿಯ ಸದ್ದು ಮೊದಲು, ದೀಪ ಆಮೇಲೆ. ಮದೆನಾಡಿನ ಹತ್ತಿರ ಮಂಜು ಹರಿದು, 2018ರ ಆಗಸ್ಟ್‌ನಲ್ಲಿ ಕುಸಿದ ಗುಡ್ಡಗಳ ಮೈ ಕಾಣಿಸಿತು. ನಾಲ್ಕು ಮಳೆಗಾಲ ಕಳೆದು ಹಸಿರು ಹತ್ತಿದ್ದರೂ ಆ ಹಸಿರಿನ ಬಣ್ಣ ಸುತ್ತಲಿನ ಕಾಡಿನ ಬಣ್ಣಕ್ಕೆ ಕೂಡಿರಲಿಲ್ಲ. ಜೋಡುಪಾಲದಲ್ಲಿ ಓಟ ನಿಲ್ಲಿಸಿ ಒಂದು ನಿಮಿಷ ನಿಂತೆ, ಅಲ್ಲಿ ಸುಮ್ಮನೆ ಓಡಿಕೊಂಡು ಹೋಗಲು ಮನಸ್ಸು ಬರಲಿಲ್ಲ. ಅಲ್ಲಿಂದ ಮುಂದೆ ಗಾಳಿ ಬೆಚ್ಚಗಾಗುತ್ತ, ಕಾಫಿ ಹಿಂದೆ ಸರಿದು ಅಡಿಕೆ ರಬ್ಬರುಗಳು ಕಾಣಿಸಿಕೊಳ್ಳುತ್ತ, ಕಾಲುಗಳು ನನ್ನ ಅಪ್ಪಣೆಗೆ ಕಾಯದೆ ತಾವಾಗಿಯೇ ಓಡುತ್ತಿದ್ದವು. ಕೊಯನಾಡಿನ ಬಳಿ ಗಡಿಯಾರ ನೋಡಿದರೆ, ಅದುವರೆಗೆ ಎಂದೂ ಕಾಣದ ವೇಗ. ಎರಡೂವರೆ ಗಂಟೆಗೆ ಅಕ್ಕನ ಮನೆಯ ಅಂಗಳದಲ್ಲಿದ್ದೆ. ಬಸ್ಸಿನಲ್ಲಿ ಬಂದ ಹೆಂಡತಿ ಇನ್ನೂ ತಲುಪಿರಲಿಲ್ಲ. ಭಾವ ಬೆಲ್ಲದ ಕಾಫಿ ತಂದುಕೊಟ್ಟು, ಸೈನ್ಯಕ್ಕೆ ನೀನೇ ಸೇರಬೇಕಿತ್ತು ಎಂದರು. ನಾನು ಹೌದೆಂಬಂತೆ ಕುಳಿತಿದ್ದೆ.

ಊಟ ಮುಗಿಸಿ ಎಲೆಯಿಂದ ಏಳುವಾಗ ತೊಡೆಯ ಮುಂಭಾಗದಲ್ಲಿ ಒಂದು ಬಿಗಿತ. ಸಂಜೆ ಬಸ್ ಹತ್ತಿದಾಗ ಏನೂ ಇಲ್ಲ, ಸುಂಟಿಕೊಪ್ಪದಲ್ಲಿ ಇಳಿಯುವಾಗ ಕಂಡಕ್ಟರ್ ಕೈ ಹಿಡಿದ. ಹತ್ತುವುದಕ್ಕೆ ನೋವಿಲ್ಲ, ಇಳಿಯುವುದಕ್ಕೆ ಮಾತ್ರ ನೋವು, ಇದೇ ನನಗೆ ವಿಚಿತ್ರವಾಗಿ ಕಂಡದ್ದು. ಲ್ಯಾಕ್ಟಿಕ್ ಆಮ್ಲ ಸೇರಿಕೊಂಡಿದೆ, ಉಜ್ಜಿದರೆ ಹೋಗುತ್ತದೆ ಎಂದು ಒಬ್ಬರು ಹೇಳಿದರು. ಎಲ್ಲೆಡೆ ಕೇಳಿಬರುವ ಈ ಮಾತು ಸರಿಯಲ್ಲ, ಆ ಆಮ್ಲ ಓಟ ನಿಂತ ಒಂದೆರಡು ಗಂಟೆಯೊಳಗೆ ರಕ್ತದಿಂದ ಖಾಲಿಯಾಗಿರುತ್ತದೆ. ಏರು ಹತ್ತುವಾಗ ಸ್ನಾಯು ಕುಗ್ಗುತ್ತ ಕೆಲಸ ಮಾಡುತ್ತದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಹಿಡಿಯಬೇಕು. ಜೀಪು ಘಟ್ಟ ಇಳಿಯುವಾಗ ಬ್ರೇಕು ಬಿಸಿಯಾಗುವ ಹಾಗೆ. ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ, ಹೀಗೆ ಸಾವಿರಾರು ಸಲ ಎಳೆಸಿಕೊಂಡ ಸ್ನಾಯುವಿನ ಎಳೆಗಳಲ್ಲಿ ಅತಿ ಸೂಕ್ಷ್ಮ ಬಿರುಕುಗಳಾಗುತ್ತವೆ. ಉಸಿರಿಗೆ ಆಯಾಸವಿಲ್ಲದ ಕಾರಣ ಓಡುವಾಗ ಇದು ತಿಳಿಯುವುದೇ ಇಲ್ಲ. ನೋವು ಮರುದಿನ ಶುರುವಾಗಿ ಮೂರನೆಯ ದಿನದವರೆಗೂ ಏರುತ್ತದೆ. ನನ್ನ ಲೆಕ್ಕದಲ್ಲಿ ಮಂಗಳವಾರ ಸೋಮವಾರಕ್ಕಿಂತ ಕೆಟ್ಟದ್ದಾಗಿತ್ತು. ಶುಕ್ರವಾರ ಮುಖ ಮುಂದೆ ಮಾಡಿ ಮೆಟ್ಟಿಲಿಳಿದೆ. ಬಲಗಾಲಿನ ಹೆಬ್ಬೆರಳು ಶೂವಿನ ತುದಿಗೆ ಬಡಿದು ಬಡಿದು ಕಪ್ಪಾಗಿದ್ದ ಉಗುರು ಕ್ರಿಸ್‌ಮಸ್ ಹೊತ್ತಿಗೆ ಬಿತ್ತು.

ಇದೇ ಸ್ನಾಯುವಿಗೆ ಇನ್ನೊಂದು ಒಳ್ಳೆಯ ಗುಣವಿದೆಯೆಂದು ಆಮೇಲೆ ತಿಳಿಯಿತು. ಒಮ್ಮೆ ಇಂತಹ ಪೆಟ್ಟು ತಿಂದು ಸುಧಾರಿಸಿಕೊಂಡರೆ, ಕೆಲವು ವಾರಗಳವರೆಗೆ ಅಂತಹದೇ ಪೆಟ್ಟು ಮೊದಲಿನಷ್ಟು ತಾಗುವುದಿಲ್ಲ. ಹಾಗಾಗಿ ಇಳಿಜಾರನ್ನು ಔಷಧಿಯಂತೆ ಅಳೆದು ತೆಗೆದುಕೊಳ್ಳತೊಡಗಿದೆ. ಹತ್ತು ದಿನಕ್ಕೊಮ್ಮೆ ಮಡಿಕೇರಿಗೆ ಬಸ್ಸಿನಲ್ಲಿ ಹೋಗಿ, ಬೋಯಿಕೇರಿ, ಕೆದಕಲ್ ಮಾರ್ಗವಾಗಿ ಸುಂಟಿಕೊಪ್ಪಕ್ಕೆ ಓಡಿ ಬರುವುದು. ಹೆಜ್ಜೆ ಸಣ್ಣದು, ಬೇಗ ಬೇಗ, ಮೊಣಕಾಲು ಸ್ವಲ್ಪ ಬಾಗಿರಬೇಕು, ಹಿಮ್ಮಡಿಯನ್ನು ಮುಂದಕ್ಕೆ ಚಾಚಿ ತಡೆಯಬಾರದು. ತಡೆಯಬೇಕೆನಿಸುವುದೇ ಸಹಜ, ಅದನ್ನು ಬಿಡಿಸಿಕೊಳ್ಳಲು ಒಂದು ವರ್ಷ ಬೇಕಾಯಿತು.

2024ರ ಜನವರಿಯಲ್ಲಿ ಮುಂಬೈ ಮ್ಯಾರಥಾನ್‌ಗೆ ಹೋದೆ. ರೊಬಸ್ಟಾ ಕಾಫಿಯ ಕುಯ್ಲು ಶುರುವಾಗುವ ಹೊತ್ತಿನಲ್ಲಿ ರೈಟರ್ ರಜೆ ಕೇಳುವುದೆಂದರೆ ಮದುವೆಯ ದಿನ ಪುರೋಹಿತರು ರಜೆ ಕೇಳಿದ ಹಾಗೆ. ಮಾಲೀಕರು ಎರಡು ದಿನ ಮಾತು ಬಿಟ್ಟು ಮೂರನೆಯ ದಿನ ಒಪ್ಪಿದರು. ಅಲ್ಲಿ ನನಗೆ ಕಷ್ಟ ಕೊಟ್ಟದ್ದು ಸಮತಟ್ಟು ರಸ್ತೆ. ನಮ್ಮಲ್ಲಿ ನೂರು ಗಜಕ್ಕೊಮ್ಮೆ ಏರೋ ಇಳಿಜಾರೋ ಬಂದು ಒಂದು ಸ್ನಾಯುವಿನ ಕೆಲಸವನ್ನು ಇನ್ನೊಂದು ವಹಿಸಿಕೊಳ್ಳುತ್ತದೆ, ಅಲ್ಲಿ ಗಂಟೆಗಟ್ಟಲೆ ಅದೇ ಹೆಜ್ಜೆ, ಅದೇ ಅಳತೆ. ಬೆಳಕು ಹರಿಯುವ ಮೊದಲೇ ಬಟ್ಟೆ ಬೆವರಿಗೆ ತೊಯ್ದಿತ್ತು. ಸಮುದ್ರದ ಮೇಲಿನ ಸೇತುವೆಯಲ್ಲಿ ಗಾಳಿ ಬೀಸಿದಾಗ ಸ್ವಲ್ಪ ಜೀವ ಬಂತು. ಮೂವತ್ತು ಕಿಲೋಮೀಟರ್ ದಾಟುತ್ತಿದ್ದಂತೆ, ದೇಹದಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ತೀರಿ, ಓಟಗಾರರು ಗೋಡೆ ಎನ್ನುವ ಆ ಸ್ಥಿತಿ ಬಂದೇ ಬಂತು. ಯಾರೋ ಮಗು ಕೊಟ್ಟ ಕಿತ್ತಳೆಯ ಸಿಪ್ಪೆ ಸುಲಿಯಲು ಬೆರಳಿಗೆ ಬುದ್ಧಿಯಿರಲಿಲ್ಲ, ಸಿಪ್ಪೆ ಸಮೇತ ಕಚ್ಚಿದೆ.

ಅಷ್ಟರಲ್ಲಿ ಪೆಡ್ಡರ್ ರಸ್ತೆಯ ಏರು ಬಂತು. ಮುಂಬೈಯ ಓಟಗಾರರು ಹಿಂದಿನ ರಾತ್ರಿಯಿಂದಲೇ ಹೆದರಿಕೊಂಡು ಮಾತಾಡುವ ಏರು ಅದು. ನಮ್ಮ ಕೆಲಸದವರ ಲೈನ್‌ಮನೆಯಿಂದ ಕಾಫಿ ಕಣಕ್ಕೆ ಹೋಗುವ ದಾರಿ ಅದಕ್ಕಿಂತ ಕಡಿದು. ಸುತ್ತಲಿನವರು ನಡೆಯಲು ಶುರು ಮಾಡಿದರು, ನಾನೂ ನಡೆದೆ, ಆದರೆ ಏರಿನಲ್ಲಿ ನಡೆಯುವುದು ನನಗೆ ಹೊಟ್ಟೆಪಾಡಿನ ಕೆಲಸ. ಸೊಂಟಕ್ಕೆ ಕೈ ಕೊಟ್ಟು ಹತ್ತುತ್ತ ಹಲವರನ್ನು ದಾಟಿದೆ. ಆಚೆಯ ಇಳಿಜಾರಿನಲ್ಲಿ ಚಿಕ್ಕ ಹೆಜ್ಜೆ, ಬಾಗಿದ ಮೊಣಕಾಲು. ಬ್ರೇಕು ಹಾಕುತ್ತ ಇಳಿಯುತ್ತಿದ್ದವರ ತೊಡೆಗಳನ್ನು ನೋಡಿ, ನಾಳೆ ಇವರ ಮೆಟ್ಟಿಲುಗಳ ಗತಿ ಏನೋ ಎಂದು ಮರುಕವಾಯಿತು. 42 ಕಿಲೋಮೀಟರಿನ ಫಲಕದ ನಂತರವೂ ಉಳಿಯುವ 195 ಮೀಟರ್ 1908ರ ಲಂಡನ್ ಒಲಿಂಪಿಕ್ಸ್‌ನ ಕೊಡುಗೆಯೆಂದು ಓದಿದ್ದೆ. ಆ ಓಟವನ್ನು ರಾಜಮನೆತನದವರ ಆಸನದ ಮುಂದೆಯೇ ಮುಗಿಸಲು ಹೊರಟವರ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ. ಐದು ಗಂಟೆ ಹನ್ನೊಂದು ನಿಮಿಷಕ್ಕೆ ಮುಗಿಸಿದೆ. ಬುಧವಾರ ಬೆಳಿಗ್ಗೆ ಮಸ್ಟರಿಗೆ ಹಾಜರಿದ್ದೆ.

ಹತ್ತು ದಿನಕ್ಕೊಮ್ಮೆಯ ಇಳಿಜಾರು ಈಗಲೂ ನಡೆದಿದೆ. ಈ ವರ್ಷ ಮಳೆ ಹಿಡಿದದ್ದರಿಂದ ನಡುವೆ ಆರು ವಾರ ತಪ್ಪಿಹೋಯಿತು, ಹೋದ ಭಾನುವಾರ ಮಡಿಕೇರಿಯಿಂದ ಓಡಿ ಬಂದೆ. ಸೋಮವಾರ ಏಳು ಮೆಟ್ಟಿಲುಗಳನ್ನೂ ಮುಖ ಮುಂದೆ ಮಾಡಿಯೇ ಇಳಿದೆನಾದರೂ, ಅದೇ ಹಿರಿಯ ಹೆಂಗಸು ಕೆಳಗೆ ನಿಂತು, ನನ್ನ ಮುಖವನ್ನಲ್ಲ, ಕಂಬಿ ಹಿಡಿದಿದ್ದ ಎಡಗೈಯನ್ನೇ ನೋಡುತ್ತಿದ್ದರು. ನಾನು ಹಾಜರಿ ಪುಸ್ತಕ ತೆರೆದು ಹೆಸರು ಕೂಗತೊಡಗಿದೆ.