ಯಾರು ಸಾಯ್ಲಿ ಹೇಳು, ಹಾಡ್ತೀನಿ

ಭಾನುವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಹಲ್ಲುಜ್ಜುವಾಗಲೂ ಅದೇ, ಸಿಟಿ ಬಸ್ಸಿನಲ್ಲಿ ನೇತಾಡುವಾಗಲೂ ಅದೇ. ‘ಯಾರು ಸಾಯ್ಲಿ ಹೇಳು ಮಗ, ಹಾಡ್ತೀನಿ.’

ಮಳವಳ್ಳಿ ಹತ್ತಿರದ ನಮ್ಮೂರಲ್ಲಿ ದೊಡ್ಡವ್ವನ ತಿಥಿ ಇತ್ತು. ಊಟ ಆಗಿತ್ತು. ಗಂಡಸರು ಶಾಮಿಯಾನದ ಕೆಳಗೆ ಎಲೆಅಡಿಕೆ ಹಾಕಿಕೊಂಡು ಜಮೀನಿನ ರೇಟು ಮಾತಾಡುತ್ತಿದ್ದರು. ಅಣ್ಣನ ಮಗಳು ಮೊಬೈಲ್ ಹಿಡಿದು ಚಿಕ್ಕವ್ವನ ಪಕ್ಕ ಹೋಗಿ ಕೂತಳು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇಂಗ್ಲಿಷ್ ಎಂ.ಎ. ಮಾಡುತ್ತಿದ್ದಾಳೆ, ದೆವ್ವ ಮತ್ತು ಸಾವಿನ ಹಳೇ ಹಾಡುಗಳ ಮೇಲೆ ಏನೋ ಪ್ರಾಜೆಕ್ಟು. ‘ಅಜ್ಜಿ, ಅವತ್ತು ಅಳ್ತಾ ಹಾಡಿದ್ರಲ್ಲ, ಇನ್ನೊಂದ್ಸಲ ಹಾಡಿ, ರೆಕಾರ್ಡ್ ಮಾಡ್ಕೋತೀನಿ’ ಅಂದಳು.

ಚಿಕ್ಕವ್ವ ಅವಳ ಮುಖವನ್ನೇ ನೋಡಿದರು. ಕೋಪ ಇರಲಿಲ್ಲ. ಅಂಗಡಿಯವನು ಎಷ್ಟು ಕೆಜಿ ಬೇಕು ಅಂತ ಕೇಳುವ ಹಾಗೆ ಕೇಳಿದರು. ‘ಯಾರು ಸಾಯ್ಲಿ ಹೇಳು ಮಗ, ಹಾಡ್ತೀನಿ.’

ಪಕ್ಕದಲ್ಲಿದ್ದ ಹೆಂಗಸರು ಗೊಳ್ ಅಂತ ನಕ್ಕರು. ನಾನೂ ನಕ್ಕೆ. ಹುಡುಗಿ ಮುಖ ಸಪ್ಪೆ ಮಾಡಿಕೊಂಡು ಮೊಬೈಲ್ ಒಳಗಿಟ್ಟಳು. ‘ಹೆಣ ಇಲ್ದೆ ಅದು ಬಾಯಿಗೇ ಬರಲ್ಲ ಕಣವ್ವ, ಬಂದ್ರೂ ಮನೇಲಿ ಹಾಡಬಾರ್ದು’ ಅಂದ ಚಿಕ್ಕವ್ವ, ಮುದ್ದೆ ಸಾಕಾಯ್ತಾ ಅಂತ ವಿಚಾರಿಸಿ ಎದ್ದು ಹೋದರು.

ಸಾವಿನ ದಿನ ನಾನೂ ಅಲ್ಲೇ ಇದ್ದೆ. ಅಕ್ಕತಂಗಿಯರಿಬ್ಬರೂ ಆರು ವರ್ಷದಿಂದ ಮಾತು ಬಿಟ್ಟಿದ್ದರು. ಹಿತ್ತಿಲ ಬದುವಿನಲ್ಲಿರುವ ಒಂದು ತೆಂಗಿನ ಮರಕ್ಕೆ! ಚಿಕ್ಕವ್ವ ಬರುವುದೇ ಇಲ್ಲ ಅಂದುಕೊಂಡಿದ್ದೆವು. ಮಧ್ಯಾಹ್ನದ ಬಸ್ಸಿಗೆ ಬಂದರು, ಚಪ್ಪಲಿ ಬಿಟ್ಟರು, ಹೆಣದ ತಲೆ ಹತ್ತಿರ ಕೂತು ಶುರು ಮಾಡಿದರು. ರಾಗವಾಗಿ. ಚಿಕ್ಕಂದಿನಲ್ಲಿ ಇಬ್ಬರೂ ಸೇರಿ ರಾಗಿ ಬೀಸಿದ ಕಲ್ಲು ಬಂತು, ಅವ್ವ ಬೈದದ್ದು ಬಂತು, ಕೊನೆಗೆ ಆ ಹಾಳು ತೆಂಗಿನ ಮರವೂ ಬಂತು. ಜಗಳ ಮುಗಿದಿಲ್ಲ, ಜಗಳ ಆಡೋಕಾದ್ರೂ ಎದ್ದು ಬಾ ಅಂತ ಕರೆದರು. ಬೆಂಗಳೂರಿಂದ ಬಂದಿದ್ದ ನಮ್ಮ ಭಾವ ‘ಸಾಕು ನಿಲ್ಲಿಸಿ, ಬಿಪಿ ಜಾಸ್ತಿ ಆಗುತ್ತೆ’ ಅಂದರು. ಅವರಿಗೆ ಎಲ್ಲದಕ್ಕೂ ಬಿಪಿ. ಚಿಕ್ಕವ್ವ ತಿರುಗಿಯೂ ನೋಡಲಿಲ್ಲ.

ವಾಪಸ್ ಮೈಸೂರಿಗೆ ಬರುವಾಗ ಹುಡುಗಿ ತಾನು ಓದುತ್ತಿರುವ ಹಾಡುಗಳ ಕಥೆ ಹೇಳಿದಳು. ಹಾರ್ವರ್ಡಿನಲ್ಲಿ ಪ್ರೊಫೆಸರ್ ಆಗಿದ್ದ ಫ್ರಾನ್ಸಿಸ್ ಚೈಲ್ಡ್ ಅನ್ನುವವರು ಇಂಗ್ಲೆಂಡ್, ಸ್ಕಾಟ್ಲೆಂಡಿನ 305 ಕಥೆ ಹಾಡುಗಳನ್ನು 1882ರಿಂದ 1898ರವರೆಗೆ ಅಚ್ಚು ಹಾಕಿಸಿದರಂತೆ. ಹೆಚ್ಚಿನವು ಹಳೇ ಕೈಬರಹ, ಹಳೇ ಪುಸ್ತಕಗಳಿಂದ ತೆಗೆದವು. ಅದರಲ್ಲಿ 78ನೆಯದು ಒಂದು ಗೋರಿಯ ಹಾಡು. ಪ್ರೀತಿಸಿದವಳು ಸತ್ತಿದ್ದಾಳೆ, ಇವನು ಹನ್ನೆರಡು ತಿಂಗಳು ಮತ್ತು ಒಂದು ದಿನ ಗೋರಿ ಮೇಲೆ ಕೂತು ಅಳುತ್ತಾನೆ. ಆಗ ಒಳಗಿಂದ ಅವಳೇ ಎದ್ದು ಕೇಳುತ್ತಾಳೆ, ಯಾರದು, ನನಗೆ ನಿದ್ದೆ ಮಾಡೋಕೆ ಬಿಡದೆ ಅಳ್ತಿರೋದು ಅಂತ. ಒಂದು ಮುತ್ತು ಕೊಡು ಅಂದರೆ, ಕೊಟ್ಟರೆ ನೀನೂ ಜಾಸ್ತಿ ದಿನ ಬದುಕಲ್ಲ ಅನ್ನುತ್ತಾಳೆ. ಅದರ ಮುಂದಿನದು, 79, ತಾಯಿಯದು. ಮೂವರು ಗಂಡುಮಕ್ಕಳು ಸಮುದ್ರದ ಪಾಲಾಗಿದ್ದಾರೆ. ಮೈ ಸಮೇತ ಮನೆಗೆ ಬರೋ ತನಕ ಗಾಳಿ ನಿಲ್ಲದಿರಲಿ ಅಂತ ಅವಳು ಹಟ ಹಿಡಿಯುತ್ತಾಳೆ. ನವೆಂಬರಿನ ಒಂದು ಹಬ್ಬದ ಹೊತ್ತಿಗೆ ಬಂದೇ ಬಿಡುತ್ತಾರೆ. ಅವಳು ಹಾಸಿಗೆ ಹಾಸುತ್ತಾಳೆ. ಕೋಳಿ ಕೂಗುತ್ತೆ, ಎದ್ದು ಹೊರಡುತ್ತಾರೆ.

ಕೇಳುತ್ತಾ ನನಗೆ ನಮ್ಮ ಪಕ್ಷದ ಹಬ್ಬ ನೆನಪಾಯಿತು. ಸತ್ತವರಿಗೆ ಇಷ್ಟ ಅಂತ ಬಾಡು, ಬೀಡಿ, ಹೊಸ ಸೀರೆ ಎಲ್ಲಾ ಎಡೆಗಿಟ್ಟು, ಬಾಗಿಲು ಮುಂದೆ ಮಾಡಿ ಹೊರಗೆ ನಿಲ್ಲುತ್ತೇವೆ. ಬರಲಿ, ಉಣ್ಣಲಿ, ಹೋಗಲಿ. ಇದ್ದುಬಿಡಿ ಅಂತ ಯಾರೂ ಅನ್ನಲ್ಲ ಅಲ್ವಾ.

ಈ 79ನೇ ಹಾಡು ಮೊದಲು ಅಚ್ಚಾಗಿದ್ದು 1802ರಲ್ಲಿ, ಸ್ಕಾಟ್ಲೆಂಡಿನ ಸಾಹಿತಿ ವಾಲ್ಟರ್ ಸ್ಕಾಟ್ ಮಾಡಿದ ಸಂಗ್ರಹದಲ್ಲಿ. ಅವನಿಗೆ ಬೇರೆ ಹಾಡು ಹೇಳಿಕೊಟ್ಟ ಒಬ್ಬ ಮುದುಕಿ, ಜೇಮ್ಸ್ ಹಾಗ್ ಅನ್ನುವ ಕವಿಯ ತಾಯಿ, ಮುಖಕ್ಕೆ ಹೇಳಿದಳಂತೆ: ಇವು ಹಾಡೋಕೆ ಇರೋವು, ಓದೋಕಲ್ಲ, ನೀನು ಅಚ್ಚು ಹಾಕಿ ಪೂರ್ತಿ ಕೆಡಿಸಿದೆ. ಹುಡುಗಿ ಇದನ್ನು ತಮಾಷೆಯಾಗಿ ಹೇಳಿದಳು. ಹೇಳಿ ಮುಗಿಸಿದ ಮೇಲೆ ಅವಳೇ ಸುಮ್ಮನಾದಳು. ಬನ್ನೂರು ದಾಟುವವರೆಗೂ ಮಾತಿಲ್ಲ.

ನನಗೆ ಹುಡುಗಿ ಮೇಲೆ ಬೇಜಾರಿಲ್ಲ. ಅಷ್ಟೂ ಜನರಲ್ಲಿ ಚಿಕ್ಕವ್ವನ ಹಾಡನ್ನು ಹಾಡು ಅಂತ ಕೇಳಿಸಿಕೊಂಡವಳು ಅವಳೊಬ್ಬಳೇ. ನಾವೆಲ್ಲ ಅದನ್ನು ಬರೀ ಅಳು ಅಂದುಕೊಂಡಿದ್ದೆವು. ಬರೆದಿಡದಿದ್ದರೆ 79ನೇ ಹಾಡಿನ ಆ ತಾಯಿ ನನ್ನ ತನಕ ಬರುತ್ತಲೇ ಇರಲಿಲ್ಲ, ಅದೂ ನಿಜ. ಶಾಲೆಯಲ್ಲಿ ನಾವು ಕೆರೆಗೆ ಹಾರ ಓದಿದ್ದು ಹಾಗೇ. ಭಾಗೀರಥಿ ಮುಳುಗುವುದನ್ನು ಬಾಯಿಪಾಠ ಮಾಡಿ ಒಪ್ಪಿಸಿ ಮಾರ್ಕ್ಸ್ ತಗೊಂಡೆವು, ಒಬ್ಬರ ಕಣ್ಣಲ್ಲೂ ನೀರಿಲ್ಲ. ಆದರೆ ಚಿಕ್ಕವ್ವನದು ಬೇರೆ. ಆರು ವರ್ಷ ಆಡದ ಮಾತನ್ನು ಅರ್ಧ ಗಂಟೆಯಲ್ಲಿ ಆಡಿ ಮುಗಿಸಿದರು. ಎರಡನೇ ಸಲ ಆಡೋಕೆ ಅಲ್ಲಿ ಏನು ಉಳಿದಿದೆ? ಎದ್ದು ಬಾ ಅಂತ ಸುಮ್ಸುಮ್ನೆ ಕರೆದರೆ, ಯಾರಾದರೂ ಬಂದುಬಿಟ್ಟರೆ?

ನಿನ್ನೆ ರಾತ್ರಿ ಬಟ್ಟೆ ಇಸ್ತ್ರಿ ಮಾಡುತ್ತಾ ನನಗೇ ಗೊತ್ತಿಲ್ಲದೆ ಗುನುಗುತ್ತಿದ್ದೆ. ಒಳಗಿಂದ ಹೆಂಡತಿ ಕೂಗಿದಳು, ‘ರೀ, ಅದನ್ನ ನಿಲ್ಸಿ. ಮನೇಲಿ ಬೇಡ.’

ಸ್ವಲ್ಪ ಹೊತ್ತಿಗೆ ಹುಡುಗಿ ಫೋನ್ ಮಾಡಿದಳು. ‘ಚಿಕ್ಕಪ್ಪ, ಅಜ್ಜಿ ಹಾಡಿದ ರಾಗ ನಿಮಗೇನಾದ್ರೂ ನೆನಪಿದ್ಯಾ?’

ಇಲ್ಲ ಅಂದೆ.